ಸ್ಥಿರ ಮಸೂರವೋ, ಚರ ಮಸೂರವೋ?



ಕ್ಯಾಮರವನ್ನು ಹೊಸದಾಗಿ ಕೊಂಡವರಿಗೆ ಮೊದಲ ಆರು ತಿಂಗಳು ಬಹು ಸುಖದ ಕಾಲ. ಕಂಡುದನ್ನೆಲ್ಲ ತೆಗೆಯುತ್ತಾರೆ, ತೆಗೆದುದೆಲ್ಲ ಅಂದವಾಗಿಯೇ ತೋರುತ್ತದೆ. ಆ ಬಳಿಕ ಯಾವುದೋ ಒಂದು ದಿನ ಅತೃಪ್ತಿಯು ತಲೆಹಾಕುತ್ತದೆ. ಮನಸ್ಸಿನಲ್ಲಿ ಕಂಡ ಚಿತ್ರವೇ ಬೇರೆ, ಕೈಗೆ ಬಂದ ಚಿತ್ರವೇ ಬೇರೆ ಎನ್ನಿಸುತ್ತದೆ. ತಪ್ಪು ನಮ್ಮದಿರಲಾರದು, ಕ್ಯಾಮರದ ಮುಂದಿರುವ ಗಾಜಿನದೇ ಇರಬೇಕು ಎಂದು ನಮ್ಮನ್ನು ನಾವು ಸಮಾಧಾನಪಡಿಸಿಕೊಳ್ಳುತ್ತೇವೆ. ಇನ್ನೊಂದು ಲೆನ್ಸನ್ನು ಕೊಳ್ಳುವುದಾದರೆ ಜೂಮನ್ನು ಕೊಳ್ಳಬೇಕೆ, ಪ್ರೈಮನ್ನು ಕೊಳ್ಳಬೇಕೆ? ಆಗ ಹುಟ್ಟುವ ಈ ಪ್ರಶ್ನೆಯೇ ಇಂದಿನ ನಮ್ಮ ವಿಷಯ.

ಮಸೂರ ಬೇಳೆಯ ಆಕಾರದ ಗಾಜಾದುದರಿಂದ ನಮ್ಮವರು ಅದನ್ನು ಮಸೂರವೆಂದರು. ಲೆನ್ಸ್ ಎಂಬ ಲ್ಯಾಟಿನ್ ಮಾತಿಗೂ ಅದೇ ಬೇಳೆಯೆಂದೇ ಅರ್ಥ. ಬಹು ದೂರದ ವಸ್ತುವಿನ ಬಿಂಬವು ಮಸೂರದ ಹಿಂದೆ ಎಷ್ಟು ದೂರದಲ್ಲಿ ಸ್ಫುಟವಾಗಿ ಮೂಡುವುದೋ ಅದಕ್ಕೆ ನಾಭಿದೂರವೆಂದು ಹೆಸರು. ನಾಭಿದೂರವು ಕಡಮೆಯಾದರೆ ವಿಶಾಲವಾದ ನೋಟ, ಹೆಚ್ಚಾದರೆ ಕಿರಿದಾದ ನೋಟ; ಆ ಕಿರಿದಾದ ನೋಟದೊಳಗೆ ವಸ್ತುವು ದೊಡ್ಡದಾಗಿ ಕಾಣುತ್ತದೆ. ಪ್ರೈಮ್ ಲೆನ್ಸಿಗೆ ನಾಭಿದೂರವೊಂದೇ. ಅದನ್ನು ಸ್ಥಿರ ಮಸೂರವೆನ್ನೋಣ. ಜೂಮ್ ಲೆನ್ಸಿನಲ್ಲಿ ಒಳಗಿನ ಗಾಜುಗಳು ಹಿಂದುಮುಂದಾಗಿ ಸರಿದು ನಾಭಿದೂರವು ಬದಲಾಗುತ್ತದೆ. ಅದನ್ನು ಚರ ಮಸೂರವೆನ್ನೋಣ. ಇಷ್ಟು ಪರಿಭಾಷೆ ಸಾಕು.

ಕೆಲವು ಕಾಲದ ಹಿಂದೆ ನಮ್ಮ ಮಿತ್ರರೊಬ್ಬರ ಮಗ ನಮ್ಮಲ್ಲಿಗೆ ಬಂದ. ಉದ್ಯೋಗಕ್ಕೆ ಸೇರಿ ಹೆಚ್ಚು ದಿನಗಳಾಗಿರಲಿಲ್ಲ. ಕ್ಯಾಮರದ ಜೊತೆಯಲ್ಲಿಯೇ ಬಂದಿದ್ದ ೧೮ರಿಂದ ೫೫ ಮಿಲಿಮೀಟರಿನ ಸಾಮಾನ್ಯ ಜೂಮ್ ಅವನಲ್ಲಿತ್ತು. ಇನ್ನು ಒಂದೇ ಒಂದು ಲೆನ್ಸಿಗೆ ಸಾಲುವಷ್ಟು ಹಣವನ್ನು ಕೂಡಿಸಿದ್ದ. ಒಬ್ಬರು ೫೦ರ ಪ್ರೈಮನ್ನು ಕೊಳ್ಳೆಂದರಂತೆ. ಇನ್ನೊಬ್ಬರು ದೂರದ್ದನ್ನು ಹತ್ತಿರಕ್ಕೆ ತರುವ ದೊಡ್ಡ ಜೂಮನ್ನು ಕೊಳ್ಳೆಂದರಂತೆ. "ಮಾಮ, ಎರಡರಲ್ಲಿ ಯಾವುದು ಒಳ್ಳೆಯದು?" ಎಂದು ಕೇಳಿದ. ಒಳ್ಳೆಯದು ಯಾವುದೆಂಬುದನ್ನು ಆಮೇಲೆ ನೋಡೋಣ, ನೀನು ತೆಗೆಯಬೇಕೆಂದು ಆಸೆಪಟ್ಟು ತೆಗೆಯಲಾರದೆ ಹೋದ ಚಿತ್ರವೊಂದನ್ನು ತೋರಿಸಪ್ಪ ಎಂದೆವು. ಸ್ವಲ್ಪ ಸಂಕೋಚಪಟ್ಟು ಒಂದು ಚಿತ್ರವನ್ನು ತೋರಿಸಿದ. ಸಂಜೆಯ ಹೊತ್ತು, ದೇವರಮನೆಯಲ್ಲಿ ಅವನ ಅಜ್ಜಿ ದೀಪಕ್ಕೆ ಬತ್ತಿ ಹಾಕುತ್ತಿದ್ದಾರೆ. ದೀಪದ ಕಂಬವು ಚೆನ್ನಾಗಿ ಬಂದಿದೆ. ಅಜ್ಜಿಯ ಕೈಯೂ ಮುಖವೂ ಹೊಗೆಯಂತೆ ಕಲಸಿಹೋಗಿವೆ. ಆಕೆಗೆ ಆಗ ಎಂಬತ್ತನಾಲ್ಕು ವರ್ಷ.

ಆ ಚಿತ್ರವನ್ನು ನೋಡಿದಾಗ ನಮಗೆ ಉತ್ತರ ಹೇಳುವುದು ಕಷ್ಟವಾಗಲಿಲ್ಲ, ಸುಮ್ಮನಿರುವುದು ಕಷ್ಟವಾಯಿತು. ಏಕೆಂದರೆ ಅಂಥ ಚಿತ್ರವೊಂದು ನಮ್ಮ ಮನೆಯಲ್ಲಿಯೂ ಉಂಟು. ನಮ್ಮ ತಂದೆಯವರು ಮುಸ್ಸಂಜೆಯಲ್ಲಿ ಜಗಲಿಯ ಮೇಲೆ ಕುಳಿತು ಮೊಮ್ಮಕ್ಕಳಿಗೆ ಕಥೆ ಹೇಳುತ್ತಿದ್ದರು. ಕ್ಯಾಮರವನ್ನು ಮುಕ್ಕಾಲಿಯ ಮೇಲೆ ಭದ್ರವಾಗಿ ನಿಲ್ಲಿಸಿ, ಇದೇ ಬಗೆಯ ಸಾಮಾನ್ಯ ಜೂಮನ್ನು ಅದರ ಕೊನೆಯವರೆಗೂ ತಿರುಗಿಸಿ, ಸೆಕೆಂಡಿನ ಎಂಟನೆಯ ಒಂದು ಭಾಗದ ಹೊತ್ತು ಬೆಳಕನ್ನು ಒಳಕ್ಕೆ ಬಿಟ್ಟೆವು. ಕ್ಯಾಮರವು ಅಲುಗಲಿಲ್ಲ. ಆದರೆ ಕಥೆ ಹೇಳುವವರು ಅಲುಗದೆ ಇರುತ್ತಾರೆಯೆ? ಜಗಲಿಯ ಕಂಬದ ಮೇಲಣ ಉಳಿಯ ಗುರುತುಗಳೂ ಪಕ್ಕದಲ್ಲಿದ್ದ ಹಿತ್ತಾಳೆಯ ಚೊಂಬೂ ಎಣಿಸಿ ನೋಡುವಷ್ಟು ಸ್ಪಷ್ಟವಾಗಿ ಬಂದವು. ತಂದೆಯವರ ಮುಖವು ಬರಲಿಲ್ಲ. ಇನ್ನೊಂದು ದಿನ ತೆಗೆದರಾಯಿತೆಂದುಕೊಂಡೆವು. ಮರುವರ್ಷದ ಆಷಾಢದಲ್ಲಿ ಅವರು ತೀರಿಕೊಂಡರು.

ಈಗಿನ ಲೆನ್ಸುಗಳಲ್ಲಿ ಕೈನಡುಕವನ್ನು ತಡೆಯುವ ಯಂತ್ರವಿರುತ್ತದೆಯಲ್ಲ ಎಂದು ಕೇಳುವವರುಂಟು. ಇರುತ್ತದೆ, ಅದು ಮುಕ್ಕಾಲಿಯು ಮಾಡುವ ಕೆಲಸವನ್ನು ಮಾಡುತ್ತದೆ. ತೆಗೆಯುವವನ ಕೈಯನ್ನು ಅದು ನಿಲ್ಲಿಸಬಲ್ಲದೇ ಹೊರತು ತೆಗೆಸಿಕೊಳ್ಳುವವರ ಕೈಯನ್ನಲ್ಲ. ಚಲಿಸುವ ಮುಖವನ್ನು ಹಿಡಿಯಲು ಬೇಕಾದುದು ಬೆಳಕು. ಬೆಳಕು ಎಷ್ಟು ಬರುವುದೆಂಬುದು ಮಸೂರದ ಬಾಗಿಲಿನ ಅಗಲವನ್ನು ಅವಲಂಬಿಸಿದೆ.

ಈ ಬಾಗಿಲಿನ ಲೆಕ್ಕವು ಕಠಿನವಲ್ಲ. ಲೆನ್ಸಿನ ಮೇಲೆ ಎಫ್ ಎಂಬ ಅಕ್ಷರದ ಮುಂದೆ ಒಂದು ಸಂಖ್ಯೆಯಿರುತ್ತದೆ. ನಾಭಿದೂರವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬಾಗಿಲಿನ ವ್ಯಾಸವು ದೊರೆಯುತ್ತದೆ. ಸಾಮಾನ್ಯ ಜೂಮು ೫೫ ಮಿಲಿಮೀಟರಿನಲ್ಲಿ ಎಫ್ ೫.೬ಕ್ಕಿಂತ ಹೆಚ್ಚಾಗಿ ತೆರೆಯದು. ವ್ಯಾಸವು ೧೦ ಮಿಲಿಮೀಟರಿಗೂ ಸ್ವಲ್ಪ ಕಡಮೆ. ೫೦ರ ಸಾಧಾರಣ ಪ್ರೈಮು ಎಫ್ ೧.೮ರವರೆಗೆ ತೆರೆಯುತ್ತದೆ, ವ್ಯಾಸವು ಹತ್ತಿರ ಹತ್ತಿರ ೨೮ ಮಿಲಿಮೀಟರು. ಒಂದು ಗವಾಕ್ಷಿ, ಇನ್ನೊಂದು ಕಿಟಕಿ. ೫.೬ಕ್ಕೂ ೧.೮ಕ್ಕೂ ನಡುವೆ ಬೆಳಕಿನ ವ್ಯತ್ಯಾಸವು ಒಂಬತ್ತೂವರೆ ಪಟ್ಟಿಗಿಂತ ಹೆಚ್ಚು. ಎಂದರೆ, ನಮ್ಮ ತಂದೆಯವರ ಚಿತ್ರಕ್ಕೆ ಸೆಕೆಂಡಿನ ಎಂಟನೆಯ ಒಂದು ಭಾಗ ಬೇಕಾಗಿದ್ದ ಬೆಳಕಿನಲ್ಲಿ ಈ ಚಿಕ್ಕ ಪ್ರೈಮಿಗೆ ಎಂಬತ್ತನೆಯ ಒಂದು ಭಾಗದ ಸಮೀಪವೇ ಸಾಕಾಗುತ್ತಿತ್ತು. ಕಥೆ ಹೇಳುವ ಮುಖವು ಆ ಅವಧಿಯಲ್ಲಿ ಬಹುಮಟ್ಟಿಗೆ ನಿಲ್ಲುತ್ತದೆ. ಕ್ಯಾಮರದ ಸಂವೇದನೆಯನ್ನೇ ಏರಿಸಬಹುದಾಗಿತ್ತಲ್ಲ ಎಂದರೆ, ಇಂದಿನ ಕ್ಯಾಮರಗಳಲ್ಲಿ ಅದು ನಿಜ. ಅಂದಿನ ನಮ್ಮ ಕ್ಯಾಮರದಲ್ಲಿ ಇನ್ನೂ ಏರಿಸಿದ್ದರೆ ಚಿತ್ರವೆಲ್ಲ ಮರಳು ಚೆಲ್ಲಿದಂತಾಗುತ್ತಿತ್ತು. ಇಂದಿನ ಕ್ಯಾಮರದಲ್ಲಿಯೂ ಒಂಬತ್ತು ಪಟ್ಟು ಬೆಳಕು ಪುಕ್ಕಟೆಯಾಗಿ ಬರುವುದಾದರೆ ಬೇಡವೆನ್ನುವವರಾರು?

ಕಿಟಕಿಯನ್ನು ಪೂರ್ತಿ ತೆರೆದುದಕ್ಕೂ ಒಂದು ತೆರಿಗೆಯುಂಟು. ಅಂಥ ಕ್ಯಾಮರದಲ್ಲಿ ೫೦ರ ಲೆನ್ಸನ್ನು ಎಫ್ ೧.೮ಕ್ಕೆ ತೆರೆದು ಐದಡಿ ದೂರದ ಮುಖವನ್ನು ತೆಗೆದರೆ, ಸ್ಫುಟವಾಗಿ ಬರುವ ಆಳವು ಸುಮಾರು ಎರಡೂವರೆ ಅಂಗುಲ ಮಾತ್ರ. ಕಣ್ಣು ಸ್ಪಷ್ಟವಾದರೆ ಕಿವಿ ಮಸುಕು. ಗುರಿಯು ತಪ್ಪಿ ಮೂಗಿನ ತುದಿಯ ಮೇಲೆ ನಿಂತಿತೋ, ಅಜ್ಜಿಯ ಮೂಗುಬೊಟ್ಟಿನ ಚಿತ್ರವಾಗುತ್ತದೆ.

ಸ್ಥಿರ ಮಸೂರವೇ ಶ್ರೇಷ್ಠ, ಜೂಮು ಸೋಮಾರಿಗಳ ಸಾಧನ ಎಂಬ ಮಾತನ್ನು ನೀವು ಕೇಳಿರಬಹುದು. ಆ ಮಾತಿಗೆ ಒಂದು ಚರಿತ್ರೆಯುಂಟು. ೩೫ ಮಿಲಿಮೀಟರು ಫಿಲ್ಮಿನ ಸ್ಥಿರಚಿತ್ರದ ಕ್ಯಾಮರಕ್ಕೆ ಮೊದಲನೆಯ ಜೂಮು ಬಂದದ್ದು ೧೯೫೯ರಲ್ಲಿ. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಫ್ರಾಂಕ್ ಬ್ಯಾಕ್ ಎಂಬಾತ ಅದನ್ನು ರಚಿಸಿದ. ಜರ್ಮನಿಯ ಫೋಕ್ಟ್‌ಲೆಂಡರ್ ಸಂಸ್ಥೆಯವರು ಜೂಮಾರ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ೩೬ರಿಂದ ೮೨ ಮಿಲಿಮೀಟರು, ಎಫ್ ೨.೮. ಅದರೊಳಗೆ ೧೪ ಗಾಜುಗಳು. ಇದರ ಪಕ್ಕದಲ್ಲಿ ೧೯೦೨ರಲ್ಲಿ ಪೌಲ್ ರುಡಾಲ್ಫ್ ರಚಿಸಿದ ಟೆಸ್ಸಾರನ್ನು ಇಟ್ಟು ನೋಡಿರಿ: ನಾಲ್ಕೇ ಗಾಜುಗಳು, ಅವುಗಳಲ್ಲಿ ಎರಡು ಒಂದಕ್ಕೊಂದು ಅಂಟಿಕೊಂಡಿವೆ, ಆದುದರಿಂದ ಗಾಳಿಗೆ ತೆರೆದ ಮೈಗಳು ಆರೇ.

ಮೈಗಳನ್ನು ಎಣಿಸುವುದೇಕೆಂದರೆ, ಬರಿಯ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ೪ ಪಾಲನ್ನು ಹಿಂದಕ್ಕೆ ತಿರುಗಿಸಿಬಿಡುತ್ತದೆ. ಆರು ಮೈಗಳನ್ನು ದಾಟುವ ವೇಳೆಗೆ ನೂರರಲ್ಲಿ ೭೮ ಪಾಲು ಉಳಿಯುತ್ತದೆ. ಇಪ್ಪತ್ತೆರಡು ಮೈಗಳಿದ್ದರೆ ಉಳಿಯುವುದು ೪೧ ಪಾಲು ಮಾತ್ರ. ಕಳೆದುಹೋದ ಬೆಳಕು ಸುಮ್ಮನೆ ಹೋಗುವುದೂ ಇಲ್ಲ. ಗಾಜಿನಿಂದ ಗಾಜಿಗೆ ಪುಟಿದು ಚಿತ್ರದ ಕಪ್ಪಿನ ಮೇಲೆಲ್ಲ ಮಂಜು ಕವಿಸುತ್ತದೆ. ೧೯೩೫ರಲ್ಲಿ ಜೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲ ಎಂಬ ವಿಜ್ಞಾನಿಯು ಗಾಜಿನ ಮೇಲೆ ಅತಿ ತೆಳುವಾದ ಲೇಪವನ್ನು ಕೊಟ್ಟು ಈ ನಷ್ಟವನ್ನು ತಗ್ಗಿಸುವ ಕ್ರಮವನ್ನು ಕಂಡುಹಿಡಿದ. ಹೊಸ ಲೆನ್ಸಿನ ಮೋರೆಯಲ್ಲಿ ನೀವು ಕಾಣುವ ಹಸುರು ನೇರಿಳೆಯ ಹೊಳಪು ಆ ಲೇಪದ್ದೇ. ಅದಿಲ್ಲದಿದ್ದರೆ ಇಷ್ಟೊಂದು ಗಾಜುಗಳ ಜೂಮು ಹುಟ್ಟುವಂತೆಯೇ ಇರಲಿಲ್ಲ. ಇನ್ನೊಂದು ತೊಡಕು ಗಣಿತದ್ದು. ಪ್ರೈಮನ್ನು ಒಂದು ನಾಭಿದೂರಕ್ಕೆ ತಿದ್ದಿದರೆ ತೀರಿತು. ಜೂಮನ್ನು ಮೊದಲಿನಲ್ಲಿ, ನಡುವಿನಲ್ಲಿ, ಕೊನೆಯಲ್ಲಿ ಎಲ್ಲೆಲ್ಲಿಯೂ ತಿದ್ದಬೇಕು. ಒಂದು ಕಡೆ ಸರಿಪಡಿಸಿದ ದೋಷವು ಇನ್ನೊಂದು ಕಡೆ ತಲೆಯೆತ್ತುತ್ತದೆ. ೧೯೬೩ರಲ್ಲಿ ಬಂದ ನಿಕ್ಕರ್ ೪೩–೮೬ ಎಂಬ ಜೂಮನ್ನು ಜನರು ಅನುಕೂಲಕ್ಕಾಗಿ ಮೆಚ್ಚಿ ಕೊಂಡರು, ಚಿತ್ರದ ಮೂಲೆಗಳನ್ನು ನೋಡಿ ಗೊಣಗಿಕೊಂಡರು. ಜೂಮಿನ ಅಪಕೀರ್ತಿ ಆ ಕಾಲದ್ದು. ಗಣಕಯಂತ್ರಗಳು ಬಂದು ಕಿರಣಗಳ ಲೆಕ್ಕವನ್ನು ಸುಲಭಗೊಳಿಸಿದ ಮೇಲೆ ಆ ದೋಷಗಳು ಬಹುವಾಗಿ ಕಡಮೆಯಾಗಿವೆ. ಇಂದು ಒಳ್ಳೆಯ ಜೂಮಿನಲ್ಲಿ ತೆಗೆದ ಚಿತ್ರವನ್ನೂ ಒಳ್ಳೆಯ ಪ್ರೈಮಿನಲ್ಲಿ ತೆಗೆದ ಚಿತ್ರವನ್ನೂ ಗೋಡೆಯ ಮೇಲೆ ತೂಗುಹಾಕಿದರೆ, ಯಾವುದು ಯಾವುದೆಂದು ನಮ್ಮಂಥವರು ಹೇಳಲಾರೆವು. ಹೇಳಬಲ್ಲೆವೆಂದು ವಾದಿಸುವ ಮಿತ್ರರು ಇದ್ದಾರೆ; ಅವರು ಚಿತ್ರವನ್ನು ನೋಡುವುದಕ್ಕಿಂತ ಹೆಚ್ಚಾಗಿ ಅದರ ಮೂಲೆಗಳನ್ನು ನೋಡುತ್ತಾರೆ.

ಪ್ರೈಮಿನ ಪಕ್ಷದವರ ಇನ್ನೊಂದು ಮಾತು: "ಕಾಲೇ ಜೂಮು." ಹತ್ತಿರ ಬೇಕಾದರೆ ನಾಲ್ಕು ಹೆಜ್ಜೆ ಮುಂದೆ ಹೋಗು, ದೂರ ಬೇಕಾದರೆ ಹಿಂದೆ ಬಾ ಎನ್ನುತ್ತಾರೆ. ಕೇಳಲು ಇಂಪಾಗಿದೆ, ಆದರೆ ಅರ್ಧ ಮಾತ್ರ ಸತ್ಯ. ಮುಂದೆ ನಡೆಯುವುದೂ ಜೂಮನ್ನು ತಿರುಗಿಸುವುದೂ ಒಂದೇ ಅಲ್ಲವೆಂಬುದನ್ನು ತಿಳಿಯದೆ ಇವೆರಡರಲ್ಲಿ ಒಂದನ್ನು ಆರಿಸುವುದು ಸಾಧ್ಯವಿಲ್ಲ. ಇದನ್ನು ನಮಗೆ ಬೇಲೂರಿನ ಮದನಿಕೆಯರು ಕಲಿಸಿದರು.

೧೧೧೭ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಹೊರಗೋಡೆಯ ಮೇಲ್ಭಾಗದಲ್ಲಿ, ಸೂರಿನ ಕೆಳಗೆ, ಮದನಿಕೆಯರು ಓರೆಯಾಗಿ ಮುಂದಕ್ಕೆ ಬಾಗಿ ನಿಂತಿರುವುದನ್ನು ನೀವೆಲ್ಲರೂ ಕಂಡಿದ್ದೀರಿ. ನಾವು ಮೊದಲ ಸಲ ಹೋದಾಗ ೫೦ರ ಪ್ರೈಮು ಮಾತ್ರವಿತ್ತು. ಕಾಲೇ ಜೂಮೆಂಬ ಮಂತ್ರವನ್ನು ನಂಬಿ, ಜಗತಿಯನ್ನು ಹತ್ತಿ, ಗೋಡೆಗೆ ತೀರ ಸಮೀಪದಲ್ಲಿ ನಿಂತು, ದರ್ಪಣಸುಂದರಿಯನ್ನು ತೆಗೆದೆವು. ಚಿತ್ರದಲ್ಲಿ ದೊರೆತುದು ಸುಂದರಿಯ ಪಾದಪೀಠ, ಗಲ್ಲದ ಕೆಳಭಾಗ, ಎರಡು ಮೂಗಿನ ಹೊಳ್ಳೆಗಳು. ದರ್ಪಣವೂ ಕಾಣಲಿಲ್ಲ, ಅದನ್ನು ನೋಡುವ ನೋಟವೂ ಕಾಣಲಿಲ್ಲ. ಲೆಕ್ಕಕ್ಕಾಗಿ, ವಿಗ್ರಹವು ನಮ್ಮ ಕಣ್ಣಿಗಿಂತ ಹತ್ತಡಿ ಮೇಲಿದೆಯೆನ್ನೋಣ. ಗೋಡೆಯಿಂದ ಹತ್ತಡಿಯಲ್ಲಿ ನಿಂತರೆ ನಾವು ೪೫ ಡಿಗ್ರಿ ತಲೆಯೆತ್ತಬೇಕು. ಜಗತಿಯಿಂದ ಇಳಿಯದೆ ಆಗದಾದರೂ ಅದೇ ಎತ್ತರದ ಲೆಕ್ಕದಲ್ಲಿ ನಲವತ್ತಡಿ ಹಿಂದಕ್ಕೆ ಬಂದರೆ ೧೪ ಡಿಗ್ರಿ ಸಾಕು; ವಿಗ್ರಹದ ಮುಖವು ನಮ್ಮ ಕಡೆಗೆ ತಿರುಗಿದಂತಾಗುತ್ತದೆ. ಆದರೆ ಅಷ್ಟು ದೂರದಿಂದ ೫೦ರ ಲೆನ್ಸಿನಲ್ಲಿ ಅದು ಚಿಕ್ಕದಾಗಿ ಕಾಣುತ್ತದೆ. ಮೊದಲಿನ ಗಾತ್ರವನ್ನು ಉಳಿಸಿಕೊಳ್ಳಲು ಸುಮಾರು ಮೂರು ಪಟ್ಟು, ಎಂದರೆ ೧೫೦ ಮಿಲಿಮೀಟರಿನ ನಾಭಿದೂರ ಬೇಕು. ಎರಡನೆಯ ಸಲ ೭೦ರಿಂದ ೨೦೦ರ ಜೂಮನ್ನು ಒಯ್ದೆವು. ಅಂಗಳದಲ್ಲಿ ನಿಂತು ನೋಡಿದಾಗ ಸುಂದರಿಯು ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುತ್ತಿದ್ದಳು.

ವಸ್ತುಗಳು ಒಂದರ ಪಕ್ಕದಲ್ಲಿ ಒಂದು ಹೇಗೆ ಕಾಣುತ್ತವೆ, ಮೂಗು ಎಷ್ಟು ಮುಂದೆ, ಕಿವಿ ಎಷ್ಟು ಹಿಂದೆ, ಗೋಪುರವು ಮನುಷ್ಯನಿಗಿಂತ ಎಷ್ಟು ದೊಡ್ಡದು ಎಂಬುದನ್ನೆಲ್ಲ ನಿರ್ಣಯಿಸುವುದು ನಾವು ನಿಂತ ಸ್ಥಳ. ನಾಭಿದೂರವು ಆ ಸ್ಥಳದಿಂದ ಕಾಣುವ ನೋಟದಲ್ಲಿ ಎಷ್ಟನ್ನು ಕತ್ತರಿಸಿ ಕೊಡಬೇಕೆಂಬುದನ್ನು ಮಾತ್ರ ನಿರ್ಣಯಿಸುತ್ತದೆ. ಜೂಮುಳ್ಳವರ ದೊಡ್ಡ ತಪ್ಪೆಂದರೆ, ಎಲ್ಲಿ ಬಂದು ನಿಂತರೋ ಅಲ್ಲಿಂದಲೇ ಉಂಗುರವನ್ನು ತಿರುಗಿಸಿ ಮುಗಿಸಿಬಿಡುವುದು. ನಿಲ್ಲುವ ಸ್ಥಳವನ್ನು ಅವರು ಆರಿಸಲೇ ಇಲ್ಲ. ಪ್ರೈಮುಳ್ಳವರ ತಪ್ಪು ಇನ್ನೊಂದು ಬಗೆಯದು: ಚೌಕಟ್ಟನ್ನು ತುಂಬಿಸುವ ಅವಸರದಲ್ಲಿ, ನಿಲ್ಲಬಾರದ ಸ್ಥಳಕ್ಕೆ ಹೋಗಿ ನಿಲ್ಲುತ್ತಾರೆ. ಮೊದಲು ಕಣ್ಣಿನಿಂದಲೇ ನೋಡಿ ಸ್ಥಳವನ್ನು ಆರಿಸಿ, ಆಮೇಲೆ ನಾಭಿದೂರವನ್ನು ಆರಿಸುವವನಿಗೆ ಜೂಮು ನಿಜವಾಗಿಯೂ ದೊಡ್ಡ ಉಪಕಾರಿ.

ಕಾಲು ಹೋಗಲಾಗದ ಸ್ಥಳಗಳೂ ಲೋಕದಲ್ಲಿ ಬೇಕಾದಷ್ಟಿವೆ. ವಿಜಯದಶಮಿಯ ದಿನ ಮೈಸೂರಿನಲ್ಲಿ ಜಂಬೂಸವಾರಿಯನ್ನು ತೆಗೆಯಲು ಒಮ್ಮೆ ೩೫ರ ಪ್ರೈಮನ್ನು ಹಿಡಿದು ಹೋದೆವು. ಮುಂದೆ ಪೊಲೀಸರ ಹಗ್ಗ, ಹಿಂದೆ ಜನಸಮುದ್ರ. ನಮ್ಮ ಚಿತ್ರದಲ್ಲಿ ಚಿನ್ನದ ಅಂಬಾರಿಯು ಸಾಸಿವೆಯ ಕಾಳಾಯಿತು. ಮುಂದಿದ್ದವರೊಬ್ಬರ ತಲೆಯು ಮಾತ್ರ ಅಮೋಘವಾಗಿ ಬಂದಿತು. ಮದುವೆಯ ಮನೆಯಲ್ಲಿ ಮಾಂಗಲ್ಯಧಾರಣೆಯು ಒಂದೇ ಸಲ ನಡೆಯುವುದು. ಪುರೋಹಿತರ ಹೆಗಲ ಮೇಲಿಂದ ಹೋಗಿ ನಿಲ್ಲಲಾಗುವುದಿಲ್ಲ. ಆ ವೃತ್ತಿಯವರು ೨೪–೭೦, ೭೦–೨೦೦ ಎಂಬ ಎರಡು ಜೂಮುಗಳನ್ನು ಹೊತ್ತು ತಿರುಗುವುದು ಸೋಮಾರಿತನದಿಂದಲ್ಲ. ಎಫ್ ೨.೮ರ ೭೦–೨೦೦ ಒಂದೇ ಒಂದರಿಂದ ಒಂದೂವರೆ ಕಿಲೋಗ್ರಾಂ ತೂಗುತ್ತದೆ. ಮುಹೂರ್ತದಿಂದ ಆರತಕ್ಷತೆಯವರೆಗೆ ಅದನ್ನು ಎತ್ತಿ ಹಿಡಿದವರನ್ನು ಸೋಮಾರಿಗಳೆಂದು ಕರೆಯಲು ನಮಗೆ ಧೈರ್ಯವಿಲ್ಲ. ೫೦ರ ಎಫ್ ೧.೮ ಇನ್ನೂರು ಗ್ರಾಂ ಕೂಡ ಇಲ್ಲ.

ಪ್ರೈಮಿನ ಭಕ್ತರು ಫ್ರಾನ್ಸಿನ ಆನ್ರಿ ಕಾರ್ಟಿಯೆ ಬ್ರೆಸಾನರ ಹೆಸರನ್ನು ಹೇಳದೆ ಬಿಡುವುದಿಲ್ಲ. ಆತ ತನ್ನ ಜೀವಮಾನದ ಬಹುಪಾಲು ಕೆಲಸವನ್ನು ಲೈಕಾ ಕ್ಯಾಮರ ಮತ್ತು ೫೦ರ ಒಂದು ಲೆನ್ಸಿನಿಂದ ನಡೆಸಿದುದು ನಿಜ. ೧೯೪೮ರ ಜನವರಿ ೩೦ರಂದು ಗಾಂಧೀಜಿಯವರನ್ನು ಕಂಡು ಬಂದ ಸ್ವಲ್ಪ ಹೊತ್ತಿನಲ್ಲಿಯೇ ಅವರ ಹತ್ಯೆಯ ಸುದ್ದಿ ಆತನಿಗೆ ತಿಳಿಯಿತು. ಆ ರಾತ್ರಿ ಬಿರ್ಲಾ ಭವನದ ಬಾಗಿಲಲ್ಲಿ ನೆಹರೂ ಅವರು ನಿಂತು ಜನರಿಗೆ ಸುದ್ದಿಯನ್ನು ತಿಳಿಸುತ್ತಿರುವ ಆತನ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ದೀಪದ ಮಂದ ಬೆಳಕಿನಲ್ಲಿ ತೆಗೆದ ಆ ಚಿತ್ರವು ಸ್ಫುಟವಾಗಿಲ್ಲ. ಆದರೂ ಅದು ದೊರೆತುದು ಲೆನ್ಸಿನಲ್ಲಿ ಬೆಳಕಿಗೆ ಬಾಗಿಲಿದ್ದುದರಿಂದ. ಜೊತೆಗೆ, ಒಂದೇ ಲೆನ್ಸಿನೊಡನೆ ವರ್ಷಗಳನ್ನು ಕಳೆದವನಿಗೆ ಕ್ಯಾಮರವನ್ನು ಕಣ್ಣಿಗೆ ಹಿಡಿಯುವ ಮೊದಲೇ ಚೌಕಟ್ಟಿನ ಅಂಚು ಎಲ್ಲಿ ಬೀಳುವುದೆಂದು ಗೊತ್ತಿರುತ್ತದೆ. ಪ್ರೈಮು ಕೊಡುವ ನಿಜವಾದ ಶಿಕ್ಷಣ ಇದು. ಇದಕ್ಕಾಗಿ ಹಣ ಕೊಡಬೇಕಾದುದೂ ಇಲ್ಲ. ನಿಮ್ಮ ಜೂಮಿನ ಉಂಗುರವನ್ನು ೩೫ರ ಗುರುತಿನಲ್ಲಿ ನಿಲ್ಲಿಸಿ, ಕಾಗದದ ಪಟ್ಟಿಯನ್ನು ಅಂಟಿಸಿ, ಎಂಟು ದಿನ ಅದನ್ನು ತಿರುಗಿಸದೆ ಚಿತ್ರ ತೆಗೆದು ನೋಡಿರಿ. ಎರಡನೆಯ ದಿನ ಕೋಪ ಬರುತ್ತದೆ. ಆರನೆಯ ದಿನದ ವೇಳೆಗೆ ಕಾಲುಗಳು ತಾವಾಗಿಯೇ ಸರಿಯಾದ ಸ್ಥಳಕ್ಕೆ ಹೋಗತೊಡಗುತ್ತವೆ. ಹೋಗದಿದ್ದರೆ ಆ ನಾಭಿದೂರವು ನಿಮ್ಮದಲ್ಲ, ಹಣ ಉಳಿಯಿತು. ಕಿಸೆಯಲ್ಲಿ ಫೋನನ್ನು ಇಟ್ಟುಕೊಂಡವರೂ ಈ ಅಭ್ಯಾಸವನ್ನು ಮಾಡಬಹುದು. ಬಹುತೇಕ ಫೋನುಗಳ ಬೆನ್ನಿನಲ್ಲಿರುವ ಎರಡು ಮೂರು ಕಣ್ಣುಗಳು ಸ್ಥಿರ ಮಸೂರಗಳೇ. ಬೆರಳಿನಿಂದ ಹಿಗ್ಗಿಸಿದಾಗ ನಡುವೆ ಆಗುವುದು ಚಿತ್ರದ ಅಂಚನ್ನು ಕತ್ತರಿಸುವ ಕೆಲಸ.

ಮಿತ್ರರ ಮಗನ ಸಂಗತಿಯು ಹಾಗೆಯೇ ಉಳಿಯಿತು. ೫೦ರ ಪ್ರೈಮನ್ನೇ ಕೊಳ್ಳುವುದೆಂದು ಅವನು ಆಗಲೇ ಅರ್ಧ ಮನಸ್ಸು ಮಾಡಿದ್ದ. ದೇವರಮನೆಯ ಮುಂದಣ ನಡುಮನೆ ಎಷ್ಟು ಅಗಲವಿದೆಯೆಂದು ಕೇಳಿದೆವು. ಹತ್ತಡಿ ಇರಬಹುದೆಂದ. ಅವನ ಕ್ಯಾಮರದ ಬಿಂಬಫಲಕದ ಅಗಲವು ೨೩.೫ ಮಿಲಿಮೀಟರು, ಹಳೆಯ ಫಿಲ್ಮಿನ ೩೬ಕ್ಕಿಂತ ಚಿಕ್ಕದು. ಅದರಲ್ಲಿ ೫೦ರ ಲೆನ್ಸು ೭೫ರಂತೆ ವರ್ತಿಸುತ್ತದೆ. ಹತ್ತಡಿ ದೂರದಿಂದ ಅದು ಹಿಡಿಯುವುದು ನಾಲ್ಕು ಮುಕ್ಕಾಲಡಿಯ ಅಗಲವನ್ನು ಮಾತ್ರ. ಬೆನ್ನಿಗೆ ಗೋಡೆ ತಗುಲಿದರೂ ಅಜ್ಜಿ, ದೀಪದ ಕಂಬ, ಪಕ್ಕದಲ್ಲಿ ಕುಳಿತ ಮಗು ಮೂವರೂ ಒಳಗೆ ಬರುವುದು ಕಷ್ಟ. ೩೫ರ ಲೆನ್ಸು ಅಲ್ಲಿಂದಲೇ ಆರು ಮುಕ್ಕಾಲಡಿಯನ್ನು ಹಿಡಿಯುತ್ತದೆ. ಲೆನ್ಸಿನ ವಿಷಯವಾಗಿ ಮಾತನಾಡುವ ವಿದ್ವಾಂಸರು ಮನೆಯ ಗೋಡೆಯನ್ನು ಅಳೆಯಲು ಹೇಳುವುದನ್ನು ನಾವು ಕೇಳಿಲ್ಲ. ದೊಡ್ಡ ಜೂಮು ಬೇಡವೆ ಮಾಮ ಎಂದು ಮತ್ತೆ ಕೇಳಿದ. ಬೇಲೂರಿನ ಮದನಿಕೆಯರು ಒಂಬೈನೂರು ವರ್ಷಗಳಿಂದ ಕಾದಿದ್ದಾರೆ, ನಿನಗಾಗಿ ಇನ್ನು ನಾಲ್ಕು ವರ್ಷ ಕಾಯುವರು ಎಂದೆವು. ಅವನು ನಗಲಿಲ್ಲ, ಅರ್ಥವಾಯಿತೆಂದು ತೋರಿತು.

೩೫ರ ಎಫ್ ೧.೮ನ್ನು ಕೊಂಡು, ಆ ಕಾರ್ತಿಕದಲ್ಲಿ ತೆಗೆದ ಚಿತ್ರವೊಂದನ್ನು ನಮಗೆ ತಂದು ಕೊಟ್ಟ. ದೀಪದ ಬೆಳಕು ಒಂದು ಕೆನ್ನೆಯ ಮೇಲೆ ಬಿದ್ದಿದೆ. ಬತ್ತಿಯನ್ನು ಹೊಸೆಯುವ ಬೆರಳುಗಳಲ್ಲಿ ಒಂದು ಮಾತ್ರ ಸ್ವಲ್ಪ ಕಲಸಿದೆ. ಮುಖವು ಪೂರ್ತಿಯಾಗಿ ಬಂದಿದೆ. ಅಜ್ಜಿಯವರು ಅದನ್ನು ನೋಡಿ, "ಹೇಳಿ ತೆಗೆಯಬಾರದಿತ್ತೇನೋ, ಸೆರಗನ್ನಾದರೂ ಸರಿಮಾಡಿಕೊಳ್ಳುತ್ತಿದ್ದೆ" ಎಂದು ಗದರಿಸಿದರಂತೆ. ನಮ್ಮ ೭೦–೨೦೦ನ್ನು ಒಂದು ಭಾನುವಾರದ ಮಟ್ಟಿಗೆ ಬೇಲೂರಿಗೆಂದು ಕೇಳಿಕೊಂಡು ಹೋದ. ಅದು ಇನ್ನೂ ಅವನ ಬಳಿಯಲ್ಲಿಯೇ ಇದೆ.